ಮೂರನೇ ಸಲದ ಪರೀಕ್ಷೆ, ಕುಣಿಗಲ್‌ನ ಸೈಟು

(ಗುಬ್ಬಿ ತಾಲೂಕಿನಿಂದ ಜರ್ಮನಿಗೆ ಹೋಗಿ ಕಂಪ್ಯೂಟೇಷನಲ್ ಸೈನ್ಸ್‌ನಲ್ಲಿ ಮಾಸ್ಟರ್ಸ್ ಮುಗಿಸಿದ ಯುವತಿಯೊಬ್ಬರು ನಮ್ಮ ಪಾಡ್‌ಕಾಸ್ಟ್‌ಗಾಗಿ ತುಮಕೂರಿನಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)



ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡಿದವಳು ಅಂತ ನನ್ನನ್ನು ಈ ಮೈಕ್ ಮುಂದೆ ಕೂರಿಸಿದ್ದಾರೆ. ಆದರೆ ನಾನು ಅಲ್ಲಿ ಒಂದೇ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವಳು ಕೂಡ. ನಾನು ಓದಿದ ಕಡೆ ಕಡ್ಡಾಯ ಪರೀಕ್ಷೆಗೆ ಮೂರೇ ಅವಕಾಶ. ಮೂರನೇದೂ ಹೋದರೆ ಕೋರ್ಸಿನಿಂದಲೇ ಹೊರಗೆ. ಅಷ್ಟು ಹೊತ್ತಿಗೆ ನನ್ನ ಹೆಸರಲ್ಲಿ ಬ್ಯಾಂಕಿನಲ್ಲಿ 18 ಲಕ್ಷ ರೂಪಾಯಿ ಸಾಲ ಇತ್ತು. ಆ ಸಾಲಕ್ಕೆ ಆಧಾರವಾಗಿ ಕೊಟ್ಟಿದ್ದು ಕುಣಿಗಲ್‌ನಲ್ಲಿರೋ ನಮ್ಮ ಭಾವನ ಸೈಟಿನ ಪತ್ರ.

ಹಾಗಾಗಿ ಇದು ಸಾಧನೆಯ ಕತೆ ಅಂತ ಕೇಳಬೇಡಿ. ಹೋಗೋಕೆ ಮೊದಲು ಯಾರಾದರೂ ನನಗೆ ಏನು ಹೇಳಿದ್ದರೆ ಚೆನ್ನಾಗಿತ್ತೋ ಅದನ್ನು ನಿಮಗೆ ಹೇಳ್ತೀನಿ.

ಕಂಪ್ಯೂಟರ್ ಸೈನ್ಸ್ ತಾನೇ?

ನಮ್ಮೂರು ಗುಬ್ಬಿ ತಾಲೂಕಿನ ಒಂದು ಸಣ್ಣ ಹಳ್ಳಿ. ಅಪ್ಪನಿಗೆ ತೆಂಗಿನ ತೋಟ, ಸ್ವಲ್ಪ ಅಡಿಕೆ, ಮಳೆ ಬಂದರೆ ರಾಗಿ. ಅಕ್ಕನನ್ನು ಕುಣಿಗಲ್ ಕಡೆಗೆ ಕೊಟ್ಟಿದೆ. ನಾನು ತುಮಕೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ 2021ರಲ್ಲಿ ಪಾಸಾದೆ. ಆಮೇಲೆ ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ. ದಿನಾ ಬೆಳಿಗ್ಗೆ ತುಮಕೂರಿನಿಂದ ರೈಲು, ರಾತ್ರಿ ವಾಪಸ್. ಆ ರೈಲಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಜರ್ಮನಿಯ ಕೋರ್ಸುಗಳನ್ನು ನೋಡ್ತಿದ್ದೆ.

ವಿದೇಶಕ್ಕೆ ಕಳಿಸೋ ಒಂದು ಕನ್ಸಲ್ಟೆನ್ಸಿಗೆ ಹೋದೆ. ಕಂಪ್ಯೂಟೇಷನಲ್ ಸೈನ್ಸ್ ಅಂದೆ. ಅಲ್ಲಿದ್ದವರು ಸ್ಕ್ರೀನ್‌ನಿಂದ ಕಣ್ಣು ತೆಗೆಯದೆ, 'ಕಂಪ್ಯೂಟರ್ ಸೈನ್ಸ್ ತಾನೇ? ಒಳ್ಳೇ ಸ್ಕೋಪ್ ಇದೆ, ಐಟಿ ಜಾಬ್ ಸಿಗುತ್ತೆ' ಅಂದರು. ನಾನೂ ತಲೆ ಆಡಿಸಿದೆ. ನಾಚಿಕೆ ಬಿಟ್ಟು ಹೇಳ್ತೀನಿ, ಎರಡಕ್ಕೂ ಇರೋ ವ್ಯತ್ಯಾಸ ಆಗ ನನಗೂ ಪೂರ್ತಿ ಗೊತ್ತಿರಲಿಲ್ಲ.

ಈಗ ಗೊತ್ತು. ಕಂಪ್ಯೂಟರ್ ಸೈನ್ಸ್‌ನಲ್ಲಿ ಕಂಪ್ಯೂಟರೇ ವಿಷಯ. ಕಂಪ್ಯೂಟೇಷನಲ್ ಸೈನ್ಸ್‌ನಲ್ಲಿ ಕಂಪ್ಯೂಟರ್ ಒಂದು ಉಪಕರಣ, ವಿಷಯ ಹೊರಗಿನ ಪ್ರಪಂಚ. ಗಾಳಿ ಹೇಗೆ ಬೀಸುತ್ತೆ, ಕಬ್ಬಿಣ ಎಲ್ಲಿ ಬಿರುಕು ಬಿಡುತ್ತೆ, ನೀರು ಎಷ್ಟು ಹೊತ್ತಿಗೆ ಎಲ್ಲಿಗೆ ತಲುಪುತ್ತೆ, ಇಂಥವನ್ನೆಲ್ಲ ಗಣಿತದ ಸಮೀಕರಣವಾಗಿ ಬರೆಯೋದು. ಆ ಸಮೀಕರಣಗಳನ್ನು ಪೆನ್ನು ಹಿಡಿದು ಬಿಡಿಸೋಕಾಗಲ್ಲ. ಅದಕ್ಕೆ ಅವನ್ನು ಸಣ್ಣ ಸಣ್ಣ ತುಂಡು ಮಾಡಿ, ಕಂಪ್ಯೂಟರಿನಿಂದ ಲೆಕ್ಕ ಹಾಕಿಸೋದು. ಇದೇ ಕೆಲಸ.

ನಮ್ಮ ಕಡೆಯ ಉದಾಹರಣೆಯನ್ನೇ ತಗೊಳ್ಳಿ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆ ಜಾಗ. 2016ರಲ್ಲಿ ಶಂಕುಸ್ಥಾಪನೆ ಆಯ್ತು, 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯ್ತು. ಹೆಲಿಕಾಪ್ಟರಿನ ಒಂದು ರೆಕ್ಕೆ ತಿರುಗುವಾಗ ಅದರ ಹಿಂದಿನ ಗಾಳಿಯಲ್ಲಿ ಸುಳಿ ಏಳುತ್ತೆ. ಹಿಂದೆಯೇ ಬರೋ ರೆಕ್ಕೆ ಆ ಸುಳಿಯೊಳಗೇ ಹಾದುಹೋಗಬೇಕು. ಅದರ ಮೇಲೆ ಬೀಳೋ ಒತ್ತಡ ಎಷ್ಟು? ಪ್ರತಿ ಸಲವೂ ಹೊಸ ರೆಕ್ಕೆ ಮಾಡಿ, ಹಾರಿಸಿ ನೋಡೋಕಾಗುತ್ತಾ? ಅದಕ್ಕೇ ಮೊದಲು ಕಂಪ್ಯೂಟರಿನಲ್ಲಿ ಹಾರಿಸಿ ನೋಡ್ತಾರೆ. ಹವಾಮಾನ ಮುನ್ಸೂಚನೆಯೂ ಇದೇ ವಿದ್ಯೆ, ಸೇತುವೆಯ ಬಲ ಲೆಕ್ಕ ಹಾಕೋದೂ ಇದೇ ವಿದ್ಯೆ.

ಜಮೀನು ಬೇಡ, ಸೈಟು ಕೊಡಿ

ಈಗ ದುಡ್ಡಿನ ಮಾತು. 'ಜರ್ಮನಿಯಲ್ಲಿ ಓದು ಫ್ರೀ' ಅಂತ ನೀವೂ ರೀಲ್ಸ್‌ನಲ್ಲಿ ನೋಡಿರ್ತೀರಿ. ಅದು ಅರ್ಧ ನಿಜ. ಅಲ್ಲಿನ ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ಅನ್ನೋ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಒಂದು ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸದಾಗಿ ಸೇರೋ ಹೊರಗಿನವರಿಂದ ಶುಲ್ಕ ತಗೊಳ್ಳೋಕೆ ಶುರು ಮಾಡಿದೆ. ಅದಕ್ಕೇ ಅರ್ಜಿ ಹಾಕೋ ದಿನವೇ ಅದೇ ವಿಶ್ವವಿದ್ಯಾಲಯದ ಪುಟ ತೆಗೆದು ನೋಡಬೇಕು. ಹಳೇ ವಿಡಿಯೋ ನಂಬಬಾರದು.

ಶುಲ್ಕ ಇಲ್ಲದಿದ್ದರೂ ಬ್ಲಾಕ್ಡ್ ಅಕೌಂಟ್ ಅಂತ ಒಂದಿದೆ. ಒಂದು ವರ್ಷದ ಊಟ-ವಸತಿಗೆ ಬೇಕಾದ ಹಣವನ್ನು ಮೊದಲೇ ಆ ಖಾತೆಗೆ ಹಾಕಬೇಕು, ಅಲ್ಲಿಗೆ ಹೋದಮೇಲೆ ತಿಂಗಳು ತಿಂಗಳು ಇಷ್ಟು ಅಂತ ನಮಗೇ ಕೊಡ್ತಾರೆ. ನಾನು ಹೋದ 2023ರಲ್ಲಿ ಅದು 11,208 ಯೂರೋ, ಹತ್ತಿರ ಹತ್ತಿರ 10 ಲಕ್ಷ ರೂಪಾಯಿ. 2024ರ ಸೆಪ್ಟೆಂಬರ್‌ನಿಂದ ಅದನ್ನು 11,904 ಮಾಡಿದರು. ಇದರ ಮೇಲೆ ಎಪಿಎಸ್ ಪ್ರಮಾಣಪತ್ರ. ನಮ್ಮ ಅಂಕಪಟ್ಟಿ ಅಸಲಿ ಅಂತ ಪರಿಶೀಲಿಸಿ ಕೊಡೋದು ಅದು. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಕಡ್ಡಾಯ, ನಾನು ಕಟ್ಟಿದ್ದು 18,000 ರೂಪಾಯಿ. ಆಮೇಲೆ ವೀಸಾ, ವಿಮಾನ, ಆರೋಗ್ಯ ವಿಮೆ, ರೂಮಿನ ಅಡ್ವಾನ್ಸ್.

ಅಪ್ಪ ಜಮೀನಿನ ಪಹಣಿ ಹಿಡ್ಕೊಂಡು ಬ್ಯಾಂಕಿಗೆ ಬಂದರು. ಮ್ಯಾನೇಜರ್ ಮರ್ಯಾದೆಯಾಗಿಯೇ ಹೇಳಿದರು, 'ಯಜಮಾನ್ರೇ, ಎಜುಕೇಷನ್ ಲೋನಿಗೆ ಕೃಷಿ ಜಮೀನು ನಾವು ತಗೊಳ್ಳಲ್ಲ. ಮನೆ ಇಲ್ಲ ಸೈಟು ಇದ್ದರೆ ಹೇಳಿ.' ಅಪ್ಪ ವಾಪಸ್ ಬರೋ ದಾರಿಯಲ್ಲಿ ಬಸ್ಸಿನಲ್ಲಿ ಒಂದೇ ಮಾತು ಅಂದರು: 'ನಲವತ್ತು ವರ್ಸ ಉತ್ತಿದ ಜಮೀನು ಕಣವ್ವ, ಅವ್ರ ಲೆಕ್ಕದಲ್ಲಿ ಇಲ್ವೇ ಇಲ್ಲ.'

ಆವತ್ತು ರಾತ್ರಿ ಭಾವ ಫೋನ್ ಮಾಡಿದರು. ಕುಣಿಗಲ್ ಪಟ್ಟಣದಲ್ಲಿ ಅವರದ್ದೊಂದು ಸೈಟಿತ್ತು. ಆ ವರ್ಷ ಪಾಯ ಹಾಕಬೇಕು ಅಂತಿದ್ದರು. ಅಕ್ಕ ಅಡುಗೆಮನೆ ಯಾವ ದಿಕ್ಕಿಗೆ ಅಂತಲೂ ಗುರುತು ಮಾಡಿಟ್ಟಿದ್ದಳು. 'ಮನೆ ಎರಡು ವರ್ಷ ಬಿಟ್ಟು ಕಟ್ತೀವಿ, ನೀನು ಹೋಗಮ್ಮ' ಅಂದರು. ಆಮೇಲೆ ಪುರಸಭೆಗೆ ಓಡಾಡಿ ಇ-ಖಾತಾ ಮಾಡಿಸಿ, ಪತ್ರಗಳನ್ನು ಬ್ಯಾಂಕಿಗೆ ಕೊಟ್ಟವರೂ ಅವರೇ. ಊರಲ್ಲಿ ಕೆಲವರು, 'ಆ ದುಡ್ಡಿಗೆ ಹುಡುಗೀದು ಮದುವೆ ಮಾಡಬಹುದಿತ್ತಲ್ಲ' ಅಂದರಂತೆ. ಅಮ್ಮ ಅದನ್ನು ನನಗೆ ಹೇಳಿದ್ದು ನಾನು ಪಾಸಾದ ಮೇಲೆ.

ಒಂದು ಲೆಕ್ಕ ಹೇಳ್ತೀನಿ, ಬರೆದುಕೊಳ್ಳಿ. 18 ಲಕ್ಷ ಸಾಲ, ವರ್ಷಕ್ಕೆ ಶೇಕಡಾ 10.5 ಬಡ್ಡಿ, ಹತ್ತು ವರ್ಷದ ಕಂತು. ತಿಂಗಳಿಗೆ ಸುಮಾರು 24,300 ರೂಪಾಯಿ ಆಗುತ್ತೆ. ಕನ್ಸಲ್ಟೆನ್ಸಿಯಲ್ಲಿ ನನಗೆ ತೋರಿಸಿದ್ದು ಈ ಸಂಖ್ಯೆ. ಆದರೆ ಓದೋ ವರ್ಷಗಳಲ್ಲೂ ಬಡ್ಡಿ ಓಡ್ತಾನೇ ಇರುತ್ತೆ. ಪೂರ್ತಿ ಹಣ ಮೊದಲೇ ತಗೊಂಡಿದೀರಿ, ಮೂರು ವರ್ಷ ಏನೂ ಕಟ್ಟಿಲ್ಲ ಅಂದುಕೊಳ್ಳಿ. ಬರೀ ಸರಳ ಬಡ್ಡಿಯೇ 5 ಲಕ್ಷ 67 ಸಾವಿರ. ಅದನ್ನು ಅಸಲಿಗೆ ಸೇರಿಸಿದರೆ ಕಂತು ಸುಮಾರು 31,900ಕ್ಕೆ ಹೋಗುತ್ತೆ. ಎರಡಕ್ಕೂ ಏಳೂವರೆ ಸಾವಿರದ ವ್ಯತ್ಯಾಸ. ಲೆಕ್ಕ ಹಾಕೋದನ್ನೇ ಕಲಿಯೋಕೆ ಹೊರಟವಳು ಈ ಲೆಕ್ಕವನ್ನು ನಾನು ಹಾಕಿರಲಿಲ್ಲ.

ನಾಲೆಯಲ್ಲಿ ಮೈನಸ್ ಮೂರು ಮೀಟರ್ ನೀರು

2023ರ ಅಕ್ಟೋಬರ್‌ನಲ್ಲಿ ಕ್ಲಾಸು ಶುರುವಾಯ್ತು. ಬೋಧನೆ ಇಂಗ್ಲಿಷ್‌ನಲ್ಲೇ. ಜೊತೆಯಲ್ಲಿ ಚೀನಾದವರು, ಇರಾನಿನವರು, ಟರ್ಕಿಯವರು, ಭಾರತದವರು ಎಲ್ಲಾ ಇದ್ದರು. ಒಬ್ಬರು ಫಿಸಿಕ್ಸ್, ಒಬ್ಬರು ಸಿವಿಲ್, ಇನ್ನೊಬ್ಬರು ಗಣಿತ. ಮೊದಲ ಸೆಮಿಸ್ಟರ್‌ನಲ್ಲೇ ಸಂಖ್ಯಾತ್ಮಕ ಗಣಿತ, ಲೀನಿಯರ್ ಆಲ್ಜೀಬ್ರಾ, ಸಿ++ ಪ್ರೋಗ್ರಾಮಿಂಗ್.

ನನಗೆ ಭಯ ಇರಲಿಲ್ಲ. ಇಂಜಿನಿಯರಿಂಗ್‌ನಲ್ಲಿ ಎಂ-1ರಿಂದ ಎಂ-4ವರೆಗೆ ಎಲ್ಲದರಲ್ಲೂ ಒಳ್ಳೇ ಅಂಕ. ನ್ಯೂಟನ್-ರಾಫ್ಸನ್, ರುಂಗೆ-ಕುಟ್ಟಾ ಎಲ್ಲಾ ಕೇಳಿದ ಹೆಸರೇ. ಸೂತ್ರಕ್ಕೆ ಬೆಲೆ ಹಾಕು, ಕ್ಯಾಲ್ಕುಲೇಟರ್ ಒತ್ತು, ನಾಲ್ಕು ದಶಾಂಶ ಸ್ಥಾನದವರೆಗೆ ಬರಿ, ಉತ್ತರಕ್ಕೆ ಬಾಕ್ಸ್ ಹಾಕು. ಅಷ್ಟು ಬರ್ತಿತ್ತು.

ಒಂದು ಅಸೈನ್‌ಮೆಂಟ್ ಬಂತು. ಒಂದು ಕಾಲುವೆಯಲ್ಲಿ ನೀರು ಹರಿಯೋದನ್ನು ಲೆಕ್ಕ ಹಾಕಬೇಕು. ಇದರ ಸಮೀಕರಣ ಹಳೇದು, 1871ರಲ್ಲಿ ಫ್ರಾನ್ಸಿನ ಸಾಂ-ವೆನಾಂ ಅನ್ನೋರು ಬರೆದದ್ದು. ಕಾಲುವೆಯನ್ನು ನೂರು ನೂರು ಮೀಟರಿನ ತುಂಡು ಮಾಡ್ಕೊಂಡೆ. ನೀರಿನ ಆಳ ಎರಡು ಮೀಟರ್. ಒಂದೊಂದು ಹೆಜ್ಜೆಗೆ ಅರವತ್ತು ಸೆಕೆಂಡ್ ಕಾಲ ಮುಂದಕ್ಕೆ ಓಡಿಸಿದೆ. ಪ್ರೋಗ್ರಾಮ್ ಓಡ್ತು, ಎರರ್ ಇಲ್ಲ. ಗ್ರಾಫ್ ತೆಗೆದು ನೋಡಿದರೆ, ನಾಲೆಯಲ್ಲಿ ಮೈನಸ್ ಮೂರು ಮೀಟರ್ ನೀರು! ಇನ್ನೂ ಸ್ವಲ್ಪ ಓಡಿಸಿದರೆ ನೀರು ಚಂದ್ರನನ್ನೂ ದಾಟಿ ಮೇಲೆ ಹೋಗಿತ್ತು.

ಕಾರಣ ಏನು ಗೊತ್ತಾ? ಎರಡು ಮೀಟರ್ ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿ ಹೋಗುತ್ತೆ. ನೀರಿನ ಹರಿವು ಸೆಕೆಂಡಿಗೆ ಒಂದು ಮೀಟರ್ ಅಂತ ಸೇರಿಸಿದರೆ 5.4. ಅಂದರೆ ನೂರು ಮೀಟರಿನ ತುಂಡನ್ನು ಅಲೆ ಹದಿನೆಂಟು ಸೆಕೆಂಡಿನಲ್ಲಿ ದಾಟಿಬಿಡುತ್ತೆ. ನಾನು ಅರವತ್ತು ಸೆಕೆಂಡಿಗೊಮ್ಮೆ ನೋಡ್ತಿದ್ದೆ. ಅಷ್ಟರಲ್ಲಿ ಅಲೆ ಮೂರು ತುಂಡು ದಾಟಿರುತ್ತೆ, ನನ್ನ ಲೆಕ್ಕಕ್ಕೆ ಪಕ್ಕದ ತುಂಡು ಮಾತ್ರ ಕಾಣುತ್ತೆ. ಕಾಣದೇ ಇರೋದನ್ನು ಲೆಕ್ಕ ಹಾಕೋಕೆ ಹೋಗಿ ಎಲ್ಲಾ ಕೆಟ್ಟುಹೋಯ್ತು. ಈ ನಿಯಮವನ್ನು 1928ರಲ್ಲಿ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಅನ್ನೋ ಮೂವರು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಇವತ್ತಿನ ಸೂಪರ್ ಕಂಪ್ಯೂಟರ್‌ಗಳ ಮೇಲೆ ಓಡೋ ಲೆಕ್ಕಗಳಿಗೂ ಅದೇ ನಿಯಮ.

ನಾನು ಏನು ಮಾಡಿದೆ? ಅರವತ್ತನ್ನು ಹತ್ತು ಮಾಡಿದೆ, ಗ್ರಾಫ್ ಚೆನ್ನಾಗಿ ಬಂತು, ಸಲ್ಲಿಸಿದೆ, ಮರೆತೆ. ಯಾಕೆ ಸರಿಹೋಯ್ತು ಅಂತ ಕೂತು ಯೋಚಿಸಲಿಲ್ಲ. ಪರೀಕ್ಷೆಯಲ್ಲಿ ಕೇಳಿದ್ದೇ ಆ 'ಯಾಕೆ'. ಈ ವಿಧಾನ ಯಾವಾಗ ಕೆಡುತ್ತೆ, ಸಾಧಿಸಿ. ಈ ಉತ್ತರದಲ್ಲಿ ತಪ್ಪು ಗರಿಷ್ಠ ಎಷ್ಟಿರಬಹುದು, ತೋರಿಸಿ. ನಾನು ಹಾಳೆ ತುಂಬ ಸೂತ್ರ ಬರೆದು ಬಂದೆ. ಅಲ್ಲಿ 1.0 ಅಂದರೆ ಅತ್ಯುತ್ತಮ, 4.0 ಅಂದರೆ ಅಂತೂ ಪಾಸು, 5.0 ಅಂದರೆ ಫೇಲು. 2024ರ ಫೆಬ್ರವರಿಯಲ್ಲಿ ನನಗೆ 5.0.

ಭಾವನಿಗೆ ಮಾಡಿದ ಫೋನು

ಮೊದಲ ಸಲಕ್ಕೆ ಅಷ್ಟು ಹೆದರಲಿಲ್ಲ. 'ಹೊಸ ಜಾಗ, ಹೊಸ ಪದ್ಧತಿ' ಅಂತ ನನಗೆ ನಾನೇ ಹೇಳ್ಕೊಂಡೆ. ಅದೇ ಸಮಯಕ್ಕೆ ಒಂದು ಪಾರ್ಸಲ್ ಗೋದಾಮಿನಲ್ಲಿ ಪಾರ್ಟ್ ಟೈಮ್ ಸಿಕ್ಕಿತು. ವಾರದಲ್ಲಿ ಮೂರು ರಾತ್ರಿ ಪೆಟ್ಟಿಗೆ ಎತ್ತೋ ಕೆಲಸ. ಅಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ ಇಷ್ಟು ದಿನ ಕೆಲಸ ಮಾಡಬಹುದು ಅಂತ ಮಿತಿ ಇದೆ, 2024ರ ಮಾರ್ಚ್‌ನಿಂದ ಅದು 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಮನೆಯಿಂದ ಇನ್ನು ದುಡ್ಡು ಕೇಳಬಾರದು ಅನ್ನೋ ಹಠ ನನಗೆ. ರಾತ್ರಿ ಪೆಟ್ಟಿಗೆ, ಬೆಳಿಗ್ಗೆ ನಿದ್ದೆ, ಸಂಜೆ ಹಳೇ ಪ್ರಶ್ನೆಪತ್ರಿಕೆ. ಉತ್ತರಗಳನ್ನು ಬಾಯಿಪಾಠ ಮಾಡಿದೆ. ಆ ವರ್ಷದ ಶರತ್ಕಾಲದಲ್ಲಿ ಎರಡನೇ ಸಲ ಬರೆದೆ. ಪ್ರಶ್ನೆ ತಿರುಗಿಸಿ ಕೇಳಿದ್ದರು. ಮತ್ತೆ 5.0.

ಫಲಿತಾಂಶ ಬಂದದ್ದು ಫೋನಿಗೆ. ನಾನಾಗ ಟ್ರಾಮಿನಲ್ಲಿದ್ದೆ. ಇಳಿಯೋ ಸ್ಟಾಪು ದಾಟಿ ಕೊನೇ ಸ್ಟಾಪಿನವರೆಗೂ ಹೋಗಿಬಿಟ್ಟೆ.

ಯಾರಿಗೆ ಹೇಳೋದು? ಅಪ್ಪ-ಅಮ್ಮನಿಗೆ ಹೇಳಿದರೆ ನಿದ್ದೆ ಮಾಡಲ್ಲ. ಅಕ್ಕನಿಗೆ ಹೇಳಿದರೆ ಅಳ್ತಾಳೆ. ಕೊನೆಗೆ ಭಾವನಿಗೇ ಫೋನ್ ಮಾಡಿದೆ. ಸೈಟು ಅವರದ್ದು, ಅವರಿಗೆ ಗೊತ್ತಿರಬೇಕು ಅನ್ನಿಸ್ತು. ಎಲ್ಲಾ ಹೇಳಿದೆ. ಮೂರನೇದೂ ಹೋದರೆ ಡಿಗ್ರಿ ಇಲ್ಲ, ಕೆಲಸ ಇಲ್ಲ, ಸಾಲ ಇರುತ್ತೆ ಅಂತಾನೂ ಹೇಳಿದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಕೇಳಿದರು, 'ಆ ಪೆಟ್ಟಿಗೆ ಎತ್ತೋ ಕೆಲಸಕ್ಕೆ ತಿಂಗಳಿಗೆ ಎಷ್ಟು ಬರುತ್ತೆ?' ಹೇಳಿದೆ. 'ಅದನ್ನ ಬಿಡು. ಪರೀಕ್ಷೆ ಆಗೋವರೆಗೂ ನಾನು ಕಳಿಸ್ತೀನಿ. ಸೈಟಿನ ಯೋಚನೆ ನಂದು, ಗಣಿತದ ಯೋಚನೆ ನಿಂದು' ಅಂದರು. ಬೈದಿದ್ದರೆ ಸ್ವಲ್ಪ ಹಗುರ ಆಗ್ತಿತ್ತೇನೋ. ಅವರು ಬೈಯಲಿಲ್ಲ.

ಉತ್ತರ ಬಂತು, ನಂಬಬಹುದಾ?

ಗೋದಾಮಿನ ಕೆಲಸ ಬಿಟ್ಟೆ. ಪ್ರೊಫೆಸರ್ ಸಹಾಯಕರ ಹತ್ತಿರ ಹೋಗಿ ನನ್ನ ಎರಡೂ ಉತ್ತರಪತ್ರಿಕೆ ತೋರಿಸಿ ಅಂತ ಕೇಳಿದೆ. ಆ ಹಕ್ಕು ಅಲ್ಲಿ ಎಲ್ಲರಿಗೂ ಇದೆ, ನಾನು ಎರಡು ಸಲವೂ ಬಳಸಿರಲಿಲ್ಲ. ಅವರು ಒಂದು ಉತ್ತರದ ಮೇಲೆ ಬೆರಳಿಟ್ಟು ಕೇಳಿದರು, 'ಈ ಸಂಖ್ಯೆ ಸರಿ ಅಂತ ನಿನಗೆ ಹೇಗೆ ಗೊತ್ತು?' 'ಕಂಪ್ಯೂಟರ್ ಕೊಟ್ಟಿತು' ಅಂದೆ. ಅವರು ನಕ್ಕರು. ಆಮೇಲೆ ನಾನೂ ನಕ್ಕೆ.

ನಿಮ್ಮ ಫೋನಿನಲ್ಲಿ ಪೈಥಾನ್ ಆ್ಯಪ್ ಇದ್ದರೆ 0.1 ಪ್ಲಸ್ 0.2 ಎಷ್ಟು ಅಂತ ಕೇಳಿ ನೋಡಿ. 0.3 ಬರಲ್ಲ. 0.30000000000000004 ಅಂತ ಬರುತ್ತೆ. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಎಣಿಸುತ್ತೆ, ಅದರಲ್ಲಿ ಹತ್ತನೇ ಒಂದು ಭಾಗವನ್ನು ಪೂರ್ತಿಯಾಗಿ ಬರೆಯೋಕಾಗಲ್ಲ. ನಾವು ಮೂರನೇ ಒಂದನ್ನು 0.333 ಅಂತ ಬರೆದು ಎಲ್ಲೋ ನಿಲ್ಲಿಸ್ತೀವಲ್ಲ, ಹಾಗೆ. ಇಷ್ಟು ಸಣ್ಣ ತಪ್ಪಿನಿಂದ ಏನಾಗುತ್ತೆ ಅಂತೀರಾ? 1991ರ ಫೆಬ್ರವರಿ 25, ಕೊಲ್ಲಿ ಯುದ್ಧದ ಸಮಯ. ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸುಮಾರು ನೂರು ಗಂಟೆ ನಿಲ್ಲಿಸದೆ ಓಡ್ತಿತ್ತು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಭಾಗದ ಲೆಕ್ಕದಲ್ಲಿ ಎಣಿಸ್ತಿತ್ತು. ಒಂದೊಂದು ಎಣಿಕೆಯಲ್ಲೂ ಕಣ್ಣಿಗೆ ಕಾಣದಷ್ಟು ತಪ್ಪು. ನೂರು ಗಂಟೆಗೆ ಅದು ಸೆಕೆಂಡಿನ ಮೂರನೇ ಒಂದು ಭಾಗ ಆಯ್ತು. ಅಷ್ಟರಲ್ಲಿ ಶತ್ರು ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ದೂರ ಹೋಗುತ್ತೆ. ಇವರು ನೋಡಿದ ಜಾಗದಲ್ಲಿ ಅದು ಇರಲಿಲ್ಲ. 28 ಸೈನಿಕರು ಸತ್ತರು.

ಇದನ್ನು ಓದಿದ ದಿನ ನನಗೆ ವಿಷಯ ತಲೆಗೆ ಹೋಯ್ತು. ಉತ್ತರ ಬರೋದು ಬೇರೆ, ಆ ಉತ್ತರವನ್ನು ನಂಬಬಹುದು ಅನ್ನೋದು ಬೇರೆ. ಕಂಪ್ಯೂಟೇಷನಲ್ ಸೈನ್ಸ್ ಅಂದರೆ ಹೆಚ್ಚಾಗಿ ಆ ಎರಡನೇ ಮಾತಿನ ಓದು. ನನ್ನ ಇಂಜಿನಿಯರಿಂಗ್ ಅಂಕಗಳು, ಕನ್ಸಲ್ಟೆನ್ಸಿಯ ಕಂತಿನ ಲೆಕ್ಕ, ಹತ್ತು ಸೆಕೆಂಡಿಗೆ ಸರಿಹೋದ ಗ್ರಾಫು, ಎಲ್ಲವೂ ಬಂದ ಉತ್ತರಗಳೇ. ಯಾವುದನ್ನೂ ನಾನು 'ಹೇಗೆ ಗೊತ್ತು?' ಅಂತ ಕೇಳಿರಲಿಲ್ಲ.

ನಾಲ್ಕು ತಿಂಗಳು ಕಂಪ್ಯೂಟರ್ ಮುಚ್ಚಿಟ್ಟು ಪೇಪರಿನ ಮೇಲೆ ಓದಿದೆ. ಒಂದೊಂದು ಪ್ರಮೇಯವನ್ನೂ ಕನ್ನಡದಲ್ಲಿ ಅಮ್ಮನಿಗೆ ಹೇಳೋ ಹಾಗೆ ಬರೆದೆ. ಬರೆಯೋಕೆ ಬರಲಿಲ್ಲ ಅಂದರೆ ಅರ್ಥ ಆಗಿಲ್ಲ ಅಂತ. ಇರಾನಿನ ಗೆಳತಿಯೊಬ್ಬಳು ದಿನಾ ಒಂದು ಗಂಟೆ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ 'ಯಾಕೆ, ಯಾಕೆ' ಅಂತ ಕೇಳ್ತಿದ್ದಳು. 2025ರ ಫೆಬ್ರವರಿಯಲ್ಲಿ ಮೂರನೇ ಸಲ ಬರೆದೆ. 3.0 ಬಂತು. ದೊಡ್ಡ ಅಂಕ ಏನಲ್ಲ. ಭಾವನಿಗೆ ಮೆಸೇಜ್ ಹಾಕಿದೆ. ಅವರಿಂದ ಬಂದದ್ದು ಒಂದೇ ಸಾಲು: 'ಅಕ್ಕನಿಗೆ ಈಗ ಹೇಳಬಹುದಾ?' ನಾಲ್ಕು ತಿಂಗಳು ಅವರೂ ಯಾರಿಗೂ ಹೇಳಿರಲಿಲ್ಲ.

ಅಪ್ಪನ ನೀರು, ಭಾವನ ನೀರು

ಪ್ರಬಂಧಕ್ಕೆ ವಿಷಯ ಆರಿಸೋ ಹೊತ್ತಿಗೆ ನಮ್ಮೂರು ಕಡೆ ಗಲಾಟೆ ಶುರುವಾಗಿತ್ತು. ನಿಮಗೆ ಗೊತ್ತೇ ಇದೆ, ಹಾಸನ ಜಿಲ್ಲೆಯ ಗೊರೂರಿನ ಜಲಾಶಯದಿಂದ ಹೇಮಾವತಿ ನೀರು ತುಮಕೂರು ನಾಲೆಯಲ್ಲಿ ನಮ್ಮ ಜಿಲ್ಲೆಗೆ ಬರುತ್ತೆ. ಗುಬ್ಬಿ ಕಡೆಯ ಕೆರೆಗಳು, ತುಮಕೂರಿಗೆ ಕುಡಿಯೋ ನೀರು ಕೊಡೋ ಬುಗುಡನಹಳ್ಳಿ ಕೆರೆ, ಕುಣಿಗಲ್‌ನ ದೊಡ್ಡಕೆರೆ ಎಲ್ಲಾ ಅದನ್ನೇ ನೆಚ್ಚಿಕೊಂಡಿವೆ. ಕುಣಿಗಲ್ ನಾಲೆಯ ಬಾಲದಲ್ಲಿದೆ. ಬಾಲಕ್ಕೆ ನೀರು ತಲುಪಲ್ಲ ಅನ್ನೋದು ಅವರ ಹಳೇ ನೋವು. ಕುಣಿಗಲ್, ಮಾಗಡಿ ಕಡೆಗೆ ನೇರವಾಗಿ ನೀರು ಒಯ್ಯೋ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಬಂದರೆ ನಮ್ಮ ಪಾಲು ಹೋಗುತ್ತೆ ಅನ್ನೋದು ಗುಬ್ಬಿ, ತುಮಕೂರು ಕಡೆಯವರ ಭಯ. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲೂಕಿನಲ್ಲಿ ದೊಡ್ಡ ಪ್ರತಿಭಟನೆ ಆಯ್ತು.

ನಮ್ಮ ಮನೆಯಲ್ಲಿ ಅಪ್ಪ ಈ ಕಡೆ, ಭಾವ ಆ ಕಡೆ. ಹಬ್ಬಕ್ಕೆ ಬಂದಾಗಲೂ ಇಬ್ಬರೂ ನೀರಿನ ಮಾತು ಬಂದರೆ ಎದ್ದು ಹೋಗ್ತಿದ್ದರಂತೆ.

ನಾನು ಒಂದು ಉದ್ದದ ನಾಲೆಯಲ್ಲಿ, ದಾರಿಯುದ್ದಕ್ಕೂ ತೂಬು ತೆಗೆದು ಮುಚ್ಚುವಾಗ ಬಾಲಕ್ಕೆ ನೀರು ಯಾವಾಗ, ಎಷ್ಟು ತಲುಪುತ್ತೆ ಅನ್ನೋದನ್ನು ಲೆಕ್ಕ ಹಾಕೋ ಪ್ರೋಗ್ರಾಮ್ ಮಾಡಿದೆ. ಅದು ಹೇಮಾವತಿ ನಾಲೆ ಅಲ್ಲ. ಅದರ ನಿಜವಾದ ಅಳತೆ, ದಿನದಿನದ ಹರಿವಿನ ಅಂಕಿ ನನ್ನ ಹತ್ತಿರ ಇರಲಿಲ್ಲ. ಕಲ್ಪನೆಯ ನಾಲೆ. ಮೊದಲು ಉತ್ತರ ಗೊತ್ತಿರೋ ಸರಳ ಲೆಕ್ಕಗಳನ್ನು ಕೊಟ್ಟು, ಪ್ರೋಗ್ರಾಮ್ ಸರಿ ಹೇಳುತ್ತಾ ಅಂತ ಎರಡು ತಿಂಗಳು ಪರೀಕ್ಷೆ ಮಾಡಿದೆ. ಮೂರನೇ ಸಲದ ಪರೀಕ್ಷೆ ಕಲಿಸಿದ ಬುದ್ಧಿ ಅದು.

ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಪ್ಪ, ಭಾವ ಇಬ್ಬರೂ ಇದ್ದರು. ಗ್ರಾಫ್ ತೋರಿಸಿದೆ. ಮೇಲೆ ಒಂದು ತೂಬನ್ನು ಹೆಚ್ಚು ತೆಗೆದರೆ ಬಾಲದಲ್ಲಿ ನೀರಿನ ಗೆರೆ ಹೇಗೆ ಕೆಳಗೆ ಇಳಿಯುತ್ತೆ ನೋಡಿ ಅಂದೆ. ಭಾವ, 'ನೋಡಿ ಮಾವ, ನಾನು ಹೇಳ್ತಿದ್ದುದು ಇದೇ' ಅಂದರು. ಅಪ್ಪ ಕನ್ನಡಕ ಸರಿಮಾಡ್ಕೊಂಡು ಕೇಳಿದರು, 'ಗೊರೂರಿಂದ ಎಷ್ಟು ಬಿಡ್ತಾರೆ ಅನ್ನೋದು ಇದ್ರಲ್ಲಿ ಐತಾ?' 'ಇಲ್ಲಪ್ಪ, ಅದನ್ನ ನಾವೇ ಕೊಡಬೇಕು' ಅಂದೆ. 'ಯಾರಿಗೆ ಎಷ್ಟು ಸೇರ್ಬೇಕು ಅನ್ನೋದು?' 'ಅದೂ ಇಲ್ಲ.' 'ಹಂಗಾರೆ ಜಗಳ ಎಲ್ಲೈತೋ ಅದು ಇದ್ರಲ್ಲಿ ಇಲ್ಲ' ಅಂದರು ಅಪ್ಪ.

ನಾನು ಒಪ್ಕೊಂಡೆ. ನೀರು ಹೇಗೆ ಹರಿಯುತ್ತೆ ಅಂತ ಮಾತ್ರ ಲೆಕ್ಕ ಹೇಳುತ್ತೆ. ಯಾರಿಗೆ ಎಷ್ಟು ಅನ್ನೋದನ್ನು ಜನ ಕೂತು ತೀರ್ಮಾನಿಸಬೇಕು. ಆದರೆ ಭಾವ ಒಂದು ಮಾತು ಸೇರಿಸಿದರು: 'ಅಂಕಿ ಎರಡೂ ಕಡೆಯವರ ಕೈಯಲ್ಲಿ ಇದ್ದರೆ, ಕೂತು ಮಾತಾಡೋಕಾದರೂ ಆಗುತ್ತಲ್ಲ ಮಾವ.' ಅಪ್ಪ ಅದಕ್ಕೆ ಏನೂ ಅನ್ನಲಿಲ್ಲ. ಎದ್ದೂ ಹೋಗಲಿಲ್ಲ.

ಹೊರಡೋ ಮುಂಚೆ

ಈಗ ನೀವು ಹೋಗಬೇಕು ಅಂತಿದ್ದರೆ ನಾಲ್ಕೇ ಮಾತು.

ಒಂದು, ಕೋರ್ಸಿನ ಹೆಸರು ನೋಡಿ ಅರ್ಜಿ ಹಾಕಬೇಡಿ. ಸಿಲಬಸ್ ತೆಗೆದು ಮೊದಲ ಸೆಮಿಸ್ಟರಿನ ಗಣಿತ ನೋಡಿ. ಎನ್‌ಪಿಟಿಇಎಲ್‌ನಲ್ಲಿ ಸಂಖ್ಯಾತ್ಮಕ ಗಣಿತದ ಪಾಠಗಳು ಪುಕ್ಕಟೆ ಇವೆ. ಮೂರು ತಿಂಗಳು ಓದಿ. ಆಸಕ್ತಿ ಬಂದರೆ ಸರಿ, ಬರಲಿಲ್ಲ ಅಂದರೆ ಸಾಲ ಮಾಡೋ ಮುಂಚೆಯೇ ಗೊತ್ತಾದದ್ದು ಒಳ್ಳೇದೇ.

ಎರಡು, ಇದೇ ವಿದ್ಯೆ 70 ಕಿಲೋಮೀಟರ್ ದೂರದಲ್ಲೂ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಕಂಪ್ಯೂಟೇಷನಲ್ ಅಂಡ್ ಡೇಟಾ ಸೈನ್ಸಸ್ ವಿಭಾಗ ಇದೆ, ಗೇಟ್ ಬರೆದು ಎಂ.ಟೆಕ್‌ಗೆ ಸೇರಬಹುದು, ತಿಂಗಳಿಗೆ ಸ್ಟೈಪೆಂಡ್ ಸಿಗುತ್ತೆ. ಬೆಂಗಳೂರಿನ ಎನ್‌ಎಎಲ್‌ನಲ್ಲಿ 1986ರಲ್ಲೇ ಫ್ಲೋಸಾಲ್ವರ್ ಅನ್ನೋ ಸಮಾಂತರ ಕಂಪ್ಯೂಟರ್ ಕಟ್ಟಿದ್ದರು. ಆಗ ಅಲ್ಲಿ ನಿರ್ದೇಶಕರಾಗಿದ್ದ ರೊದ್ದಂ ನರಸಿಂಹ ಅವರು ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್‌ಡಿ ಮುಗಿಸಿ ವಾಪಸ್ ಬಂದವರು. ನಾನು ಗೇಟ್ ಬರೆಯೋ ಧೈರ್ಯ ಮಾಡಲಿಲ್ಲ, ವಿದೇಶ ಸುಲಭ ಅಂದುಕೊಂಡೆ. ಅದು ತಪ್ಪು ಲೆಕ್ಕ.

ಮೂರು, ವಿದ್ಯಾರ್ಥಿವೇತನ ಹುಡುಕಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಜರ್ಮನಿಯ ಡಾಡ್ ಸಂಸ್ಥೆಯೂ ವಿದ್ಯಾರ್ಥಿವೇತನ ಕೊಡುತ್ತೆ. ಕೊನೇ ದಿನಾಂಕ ಒಂದು ವರ್ಷ ಮೊದಲೇ ನೋಡಿಟ್ಟುಕೊಳ್ಳಿ.

ನಾಲ್ಕು, ಫೇಲಾದರೆ ಒಬ್ಬರಿಗಾದರೂ ಹೇಳಿ. ಯಾರ ಸೈಟು ಅಡ ಇದೆಯೋ ಅವರಿಗೇ ಹೇಳಿ.

ಐದನೇ ಸೆಮಿಸ್ಟರ್ ಕೊನೆಗೆ ಪ್ರಬಂಧ ಒಪ್ಪಿಸಿದೆ. ಈಗ ಪಂಪುಗಳೊಳಗಿನ ನೀರಿನ ಹರಿವನ್ನು ಲೆಕ್ಕ ಹಾಕೋ ಕೆಲಸ ಸಿಕ್ಕಿದೆ. ಎರಡು ವಾರದ ರಜೆಗೆ ಬಂದಿದೀನಿ, ಮುಂದಿನ ವಾರ ವಾಪಸ್ ಹೊರಡಬೇಕು. ಕಂತು ಇನ್ನು ಕೆಲವು ತಿಂಗಳಿಗೆ ಶುರುವಾಗುತ್ತೆ, 31,900ರ ಹತ್ತಿರವೇ ಇದೆ, ಈ ಸಲ ನಾನೇ ಲೆಕ್ಕ ಹಾಕಿ ನೋಡಿದೀನಿ. ಸೈಟಿನ ಪತ್ರ ಇನ್ನೂ ಬ್ಯಾಂಕಿನಲ್ಲೇ ಇದೆ. ನಿನ್ನೆ ಕುಣಿಗಲ್‌ಗೆ ಹೋಗಿದ್ದೆ. ಸೈಟಿನ ತುಂಬ ಪಾರ್ಥೇನಿಯಂ ಬೆಳೆದಿತ್ತು. ಅಕ್ಕ, ಭಾವ, ನಾನು ಮೂರೂ ಜನ ಸೇರಿ ಕಿತ್ತು ಹಾಕಿದ್ವಿ. ಅಕ್ಕ ಅಡುಗೆಮನೆಯ ಮೂಲೆಗೆ ಇಟ್ಟಿದ್ದ ಕಲ್ಲು ಅಲ್ಲೇ ಇತ್ತು.